ದುರ್ಗದ ಸೀಮೆಯ ಹೆಂಡ, ಭಟ್ಟಿ ಮತ್ತು ಅರಿಷ್ಟ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಮನೆಮಟ್ಟದ ಮದ್ಯ ಹುಟ್ಟಿದ್ದು ಮುಖ್ಯವಾಗಿ ಎರಡು ಮೂಲಗಳಿಂದ. ಹಳ್ಳದ ದಂಡೆಯಲ್ಲಿ, ಕೆರೆಯಂಗಳದಲ್ಲಿ ತಾನಾಗಿ ಬೆಳೆಯುವ ಈಚಲ ಮರದಿಂದ ಹೆಂಡ ಇಳಿಯುತ್ತಿತ್ತು. ಬೆಲ್ಲ ಮತ್ತು ಜಾಲಿಯ ತೊಗಟೆಯಿಂದ ಸಾರಾಯಿ ಭಟ್ಟಿ ಇಳಿಯುತ್ತಿತ್ತು. ಇವೆರಡರ ಜೊತೆಗೆ ಶುಂಠಿ, ಮೆಣಸು, ಹಿಪ್ಪಲಿ, ಏಲಕ್ಕಿಗಳನ್ನು ಹುದುಗಿಸಿ ಮಾಡುವ ಆಸವ, ಅರಿಷ್ಟಗಳು ವೈದ್ಯರ ಮನೆಗಳಲ್ಲಿ ಉಳಿದುಕೊಂಡು ಬಂದವು. ಮೂರರ ಕಸುಬೂ ಮೂಲತಃ ಒಂದೇ: ಸಿಹಿಯನ್ನು ಹುಳಿಯಲು ಬಿಟ್ಟು, ಅದರ ಹದ ಕಾಯುವುದು. ಆದರೆ ಸರ್ಕಾರ ಮೂರನ್ನೂ ಒಂದೇ ಕಣ್ಣಿನಿಂದ ನೋಡಲಿಲ್ಲ. ಈ ಕಸುಬಿನ ಏಳುಬೀಳು ಬಹುಮಟ್ಟಿಗೆ ಅಲ್ಲಿಂದಲೇ ನಿರ್ಧಾರವಾಯಿತು.

ಬೆಲ್ಲ, ತೊಗಟೆ, ಮಸಾಲೆ ಕೂಡಿಸುವ ಪದ್ಧತಿ ಬಹಳ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯದ ಉಸ್ತುವಾರಿಯ ಅಧಿಕಾರಿಯಾದ ಸುರಾಧ್ಯಕ್ಷನಿಗೇ ಒಂದು ಅಧ್ಯಾಯವಿದೆ. ಮೇಷಶೃಂಗಿ ತೊಗಟೆಯ ಕಷಾಯಕ್ಕೆ ಬೆಲ್ಲ ಬೆರೆಸಿ, ಹಿಪ್ಪಲಿ ಮತ್ತು ಮೆಣಸಿನ ಪುಡಿಯನ್ನೋ ತ್ರಿಫಲೆಯನ್ನೋ ಕೂಡಿಸಿದರೆ ಅದು ಮೈರೇಯ. ಹಿಟ್ಟು, ಕಿಣ್ವ, ಮಸಾಲೆಯೊಂದಿಗೆ ಕ್ರಮುಕದ ತೊಗಟೆ ಮತ್ತು ಕಾಯಿ ಸೇರಿದರೆ ಪ್ರಸನ್ನಾ. ಹೊಳಲ್ಕೆರೆ, ಭೀಮಸಮುದ್ರದ ಸುತ್ತಿನ ಅಡಿಕೆ ಬೆಳೆಗಾರರಿಗೆ ಕ್ರಮುಕ ಹೊಸದೇನಲ್ಲ. ಅದು ಅವರ ತೋಟದ ಅಡಿಕೆಯೇ. ಮದ್ಯದ ಮೇಲೆ ರಾಜ್ಯದ ಹಿಡಿತವನ್ನು ಬಿಗಿಯಾಗಿ ಹೇಳುವ ಅದೇ ಗ್ರಂಥ ಒಂದು ಕಿಟಕಿಯನ್ನು ತೆರೆದಿಡುತ್ತದೆ. ವಿಶೇಷ ಕಾರ್ಯಗಳಲ್ಲಿ ಗೃಹಸ್ಥರು ಶ್ವೇತಸುರೆಯನ್ನೂ, ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದು. ಉತ್ಸವ, ಜಾತ್ರೆಗಳಲ್ಲಿ ನಾಲ್ಕು ದಿನ ಮದ್ಯ ತಯಾರಿಸಲು ಅನುಮತಿ ಉಂಟು. ಮನೆಯ ಮಡಕೆಗೆ ಇಷ್ಟು ಸ್ಪಷ್ಟವಾದ ಹಕ್ಕನ್ನು ಮುಂದಿನ ಕಾಲದ ಅಬ್ಕಾರಿ ಕಾನೂನುಗಳು ಕೊಡಲಿಲ್ಲ.

ಕೌಟಿಲ್ಯನ ಹೆಸರಿನೊಡನೆ ಬೆಸೆದುಕೊಂಡ ಮೌರ್ಯರ ಆಳ್ವಿಕೆ ಈ ಸೀಮೆಯನ್ನು ಮುಟ್ಟಿತ್ತೆಂಬುದಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳು ಸಾಕ್ಷಿ. ನಂತರದ ಶತಮಾನಗಳಲ್ಲಿ ಇದು ನೊಳಂಬವಾಡಿಯ ಭಾಗವಾಗಿ ಕಲ್ಯಾಣದ ಚಾಲುಕ್ಯರ ಅಂಕೆಯಲ್ಲಿತ್ತು. ಆ ವಂಶದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಮನೆಯ ಪಾನೀಯಗಳ ವಿವರಣೆ ಇದೆ. ಅದೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನೂ ಇದ್ದಾನೆ. ಹೆಂಡ ಮಾರುವ ಕಾಯಕದವನಿಗೂ ಅನುಭಾವಿಗಳ ಸಾಲಿನಲ್ಲಿ ಜಾಗ ಸಿಕ್ಕಿತೆಂಬುದು ಆ ಕಾಲದ ದೊಡ್ಡತನ.

ಈಚಲ ಹೆಂಡ ಇಳಿಸುವುದು ನಾಜೂಕಿನ ಕೆಲಸ. ತೆಂಗಿನಲ್ಲಿ ಹೊಂಬಾಳೆಯನ್ನು ಕೊಯ್ದು ರಸ ಇಳಿಸಿದರೆ, ಈಚಲಿನಲ್ಲಿ ಗರಿಗಳ ಬುಡವನ್ನು ಸವರಿ, ಸುಳಿಯ ಕೆಳಗೆ ಕಾಂಡದ ಎಳೆಯ ಭಾಗವನ್ನೇ ಕೆತ್ತಬೇಕು. ಗಾಯ ಆಳವಾದರೆ ಮರ ಸಾಯುತ್ತದೆ, ಸಾಲದೆ ಹೋದರೆ ರಸ ಬರುವುದಿಲ್ಲ. ಒಂದು ವರ್ಷ ಒಂದು ಮಗ್ಗುಲು ಕೆತ್ತಿದರೆ ಮರುವರ್ಷ ಎದುರು ಮಗ್ಗುಲು. ಹೀಗಾಗಿ ಹಳೆಯ ಈಚಲ ಮರದ ಕಾಂಡ ಹಾವಿನಂತೆ ಅತ್ತಿತ್ತ ಬಳುಕಿದ ಹಾಗೆ ಕಾಣುತ್ತದೆ, ಕಚ್ಚುಗಳನ್ನು ಎಣಿಸಿದರೆ ಎಷ್ಟು ವರ್ಷ ಹೆಂಡ ಇಳಿದಿದೆಯೆಂದು ಹೇಳಬಹುದು. ಚಳಿಗಾಲದ ರಾತ್ರಿ ತೊಟ್ಟಿಕ್ಕಿದ ರಸ ಬೆಳಗಿನ ಜಾವಕ್ಕೆ ಸಿಹಿಯಾಗಿರುತ್ತದೆ. ಮಡಕೆಗೆ ಸುಣ್ಣ ಬಳಿದಿದ್ದರೆ ಅದು ನೀರಾ ಆಗಿಯೇ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ ಬಿಸಿಲೇರುತ್ತಿದ್ದಂತೆ ನೊರೆಯೆದ್ದು ಹೆಂಡವಾಗುತ್ತದೆ, ಇನ್ನೂ ಬಿಟ್ಟರೆ ಹುಳಿಯುತ್ತದೆ. ಈ ಕಸುಬು ಈಡಿಗರ ಕುಲವೃತ್ತಿಯಾಗಿತ್ತು.

ಎಲ್ಲರೂ ಈಚಲಿಗೆ ಒಲಿದವರಲ್ಲ. ಇದೇ ನೆಲದ ಮ್ಯಾಸಬೇಡರ ಕಟ್ಟುಪಾಡಿನಲ್ಲಿ ಕೋಳಿ, ಹಂದಿಯ ಜೊತೆಗೆ ಈಚಲ ಹೆಂಡವೂ ನಿಷಿದ್ಧ. ಸರ್ಕಾರದ ಪಾನನಿರೋಧಕ್ಕೂ ಎಷ್ಟೋ ಮುಂಚೆ ಒಂದು ಬುಡಕಟ್ಟು ತನಗೆ ತಾನೇ ವಿಧಿಸಿಕೊಂಡ ನೇಮವಿದು.

ಭಟ್ಟಿಯ ಬಗೆ ಬೇರೆ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಬಿಳಿಜಾಲಿಯ ತೊಗಟೆ ಹಾಕಿ ಕೆಲವು ದಿನ ಬಿಟ್ಟರೆ ಅದು ಕೊಳೆ. ಕೊಳೆಯನ್ನು ಕಾಯಿಸಿ, ಏರುವ ಆವಿಯನ್ನು ತಣ್ಣೀರಿನ ಪಾತ್ರೆಯಡಿ ಹನಿಗೂಡಿಸಿದರೆ ಸಾರಾಯಿ. ಬಯಲುಸೀಮೆಯ ಒಣನೆಲದಲ್ಲಿ ಕೈಗೆಟಕುವಂತೆ ಬೆಳೆಯುವ ಬಿಳಿಜಾಲಿ ಈ ಕೆಲಸಕ್ಕೆ ಬಂದದ್ದು ಆಕಸ್ಮಿಕವಲ್ಲ. ಅದರ ತೊಗಟೆಯ ಒಗರು ರಸದಲ್ಲಿನ ಸಸಾರಜನಕದ ಅಂಶವನ್ನು ಗಷ್ಟಾಗಿ ತಳಕ್ಕಿಳಿಸುತ್ತದೆ ಎಂಬುದನ್ನು 19ನೇ ಶತಮಾನದ ಸಸ್ಯಶಾಸ್ತ್ರ ಗ್ರಂಥಗಳೇ ದಾಖಲಿಸಿವೆ. ಬೆಲ್ಲಕ್ಕೂ ಕೊರತೆಯಿರಲಿಲ್ಲ, 1907ರಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಪೂರ್ಣಗೊಂಡ ಮೇಲೆ ಹಿರಿಯೂರಿನ ಕಡೆ ನೀರಾವರಿ ಕಬ್ಬೂ ಬಂತು.

ಅಧಿಕಾರದಲ್ಲಿದ್ದವರ ಕೈ ಈ ಮಡಕೆಯ ಮೇಲೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ರೀತಿ ಬಿತ್ತು. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತು. ಅವನ ಮಗ ಟಿಪ್ಪು ಆದಾಯ ಖೋತಾ ಆದರೂ ಸರಿಯೆಂದು ಮದ್ಯವನ್ನು ನಿಲ್ಲಿಸಲು ಹೊರಟ. 19ನೇ ಶತಮಾನದ ಅಬ್ಕಾರಿ ಆಡಳಿತ ಅದಕ್ಕೆ ತದ್ವಿರುದ್ಧ: ಈಚಲವನಗಳು ಸರ್ಕಾರದ ಸೊತ್ತಾದವು, ಹೆಂಡ, ಸಾರಾಯಿ ಮಾರುವ ಹಕ್ಕು ಗುತ್ತಿಗೆಯ ಸರಕಾಯಿತು, ಮನೆಯಲ್ಲಿ ಇಳಿಸಿದ್ದು ಕಳ್ಳಭಟ್ಟಿ ಎನಿಸಿಕೊಂಡಿತು. ಕಸುಬಿನವನು ಗುತ್ತಿಗೆದಾರನ ಕೂಲಿಯಾದದ್ದು ಆಗಲೇ.

ಹೆಂಡದಿಂದ ಸರ್ಕಾರಕ್ಕೆ ಬರುತ್ತಿದ್ದ ಹಣದ ಮೂಲಕ್ಕೇ ಕೊಡಲಿಯೇಟು ಕೊಟ್ಟದ್ದು ಚಿತ್ರದುರ್ಗ ತಾಲ್ಲೂಕಿನ ತುರುವನೂರು. 1939ರ ಅರಣ್ಯ ಸತ್ಯಾಗ್ರಹದಲ್ಲಿ ಊರವರು ಈಚಲ ಮರಗಳನ್ನು ಕಡಿದರು. ಕುಡಿತದಿಂದ ಹಾಳಾಗುವ ಮನೆಗಳನ್ನು ಉಳಿಸಬೇಕು, ಸರ್ಕಾರಕ್ಕೆ ಬರುವ ಹೆಂಡದ ಹಣವನ್ನೂ ನಿಲ್ಲಿಸಬೇಕು. ಒಂದೇ ಏಟಿನಲ್ಲಿ ಎರಡೂ ಆಗುತ್ತಿತ್ತು. ಆಗ ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಇದರ ಮುಂದಾಳಾಗಿ ಜೈಲು ಸೇರಿದರು. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಮೈಸೂರಿನಲ್ಲಿ ಪಾನನಿರೋಧ ಕಾಯ್ದೆಯೂ ಬಂತು. ಆದರೆ ನಿಷೇಧ ಬಾಳಲಿಲ್ಲ. ಹೊಸ ಅಬಕಾರಿ ಕಾಯ್ದೆ 1967ರ ಅಕ್ಟೋಬರ್‌ನಲ್ಲಿ ಜಾರಿಯಾಗಿ ಪಾನನಿರೋಧ ತೆರವಾದಾಗ ಮುಖ್ಯಮಂತ್ರಿಯಾಗಿದ್ದವರು ನಿಜಲಿಂಗಪ್ಪನವರೇ. ಹೋರಾಟಗಾರನ ಸಂಕಲ್ಪಕ್ಕೂ ಖಜಾನೆ ನಡೆಸುವವನ ಹೊಣೆಗೂ ಇರುವ ಅಂತರ ಇಷ್ಟು ನೇರವಾಗಿ ಕಾಣುವ ಇನ್ನೊಂದು ಉದಾಹರಣೆ ರಾಜ್ಯದ ಇತಿಹಾಸದಲ್ಲಿ ಅಪರೂಪ.

ಆಮೇಲಿನದು ಬೇಗ ಹೇಳಿ ಮುಗಿಸುವಂಥದ್ದು. 2004ರಲ್ಲಿ ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಬಿಟ್ಟು ಉಳಿದೆಡೆ ಸೇಂದಿ, ಅಂದರೆ ಹೆಂಡದ, ಮಾರಾಟ ನಿಂತಿತು. ಈಚಲನ್ನೇ ನಂಬಿದ್ದ ಬಯಲುಸೀಮೆಯ ಕುಟುಂಬಗಳು ಬೇರೆ ದುಡಿಮೆ ಹುಡುಕಬೇಕಾಯಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ಪರವಾನಗಿಯಿಲ್ಲದೆ ಮನೆಯಲ್ಲಿ ಭಟ್ಟಿ ಇಳಿಸುವುದು ಇಂದು ಶಿಕ್ಷಾರ್ಹ ಅಪರಾಧ. ಅಬಕಾರಿ ದಾಳಿಯ ಸುದ್ದಿಗಳಲ್ಲಿ ಬೆಲ್ಲದ ಕೊಳೆ ಇಷ್ಟು ಲೀಟರ್ ನಾಶ ಎಂಬ ಸಾಲು ಮಾತ್ರ ಆ ಕಸುಬಿನ ಕುರುಹು.

ಮಸಾಲೆಯ ಹಾದಿಯೊಂದು ಮಾತ್ರ ಮುಚ್ಚಲಿಲ್ಲ. ದ್ರಾಕ್ಷಾಸವದಂಥವನ್ನು ಭಟ್ಟಿ ಇಳಿಸುವುದಿಲ್ಲ. ಒಣದ್ರಾಕ್ಷಿಯ ಕಷಾಯಕ್ಕೆ ಸಿಹಿ ಕೂಡಿಸಿ, ಧಾತಕಿ ಹೂವು ಹಾಕಿ, ಏಲಕ್ಕಿ, ದಾಲ್ಚಿನ್ನಿ, ಹಿಪ್ಪಲಿ, ಮೆಣಸಿನ ಪುಡಿ ಬೆರೆಸಿ ಬಾಯಿ ಕಟ್ಟಿಟ್ಟರೆ, ಹೂವಿನೊಡನೆ ಬಂದ ಕಿಣ್ವವೇ ಮದ್ಯಾಂಶವನ್ನು ಹುಟ್ಟಿಸುತ್ತದೆ; ಆ ಮದ್ಯಾಂಶವೇ ಮಸಾಲೆಯ ಸಾರವನ್ನು ಹೀರಿ ಕೆಡದಂತೆ ಕಾಯುತ್ತದೆ. ಇಂಥ ಔಷಧಿಗಳನ್ನು 1955ರ ಕೇಂದ್ರ ಕಾಯ್ದೆ ಕುಡಿಯುವ ಮದ್ಯದಿಂದ ಬೇರ್ಪಡಿಸಿ ಪ್ರತ್ಯೇಕ ಸುಂಕದ ವ್ಯವಸ್ಥೆಗೆ ಒಳಪಡಿಸಿತು. ಬೆಲ್ಲ, ಮಸಾಲೆ, ಹುದುಗುವಿಕೆಯ ಹಳೆಯ ತಿಳಿವಳಿಕೆ ಚಿತ್ರದುರ್ಗದ ಪೇಟೆಯಲ್ಲೂ ಈಗ ಆಯುರ್ವೇದ ಅಂಗಡಿಯ ಸೀಸೆಗಳಲ್ಲಿ ಸಿಗುತ್ತದೆ.