ಮೈಲಾರ ಜಾತ್ರೆಯ ಬಿಡಾರಕ್ಕೆ ಏನೇನು ಬೇಕು?

ಮಾಘ ಮಾಸದ ಭರತ ಹುಣ್ಣಿಮೆ ಸಮೀಪಿಸಿತೆಂದರೆ ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಮೈಲಾರ ಜಾತ್ರೆಯ ಸಿದ್ಧತೆ ಆರಂಭವಾಗುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂತಹ ಊರುಗಳ ಭಕ್ತರಿಗೆ ಮೈಲಾರಲಿಂಗೇಶ್ವರನ ಕ್ಷೇತ್ರವಿರುವುದು ತುಂಗಭದ್ರೆಯ ಆಚೆ ದಡದಲ್ಲಿ. ಹೂವಿನಹಡಗಲಿ ತಾಲ್ಲೂಕಿನ ಈ ಊರು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳಲು ಬರುವ ಅನೇಕರು ಬಯಲಿನಲ್ಲೇ ಬಿಡಾರ ಹೂಡುತ್ತಾರೆ. ಮೊದಲ ಬಾರಿಗೆ ಹೊರಡುವ ಪಟ್ಟಣಿಗರು ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಸಾಮಾನು ಕಟ್ಟಿಕೊಳ್ಳುವುದು ಒಳಿತು: ನಡುರಾತ್ರಿ ಬೇಕಾದಾಗ ಅಲ್ಲಿ ಸಿಗದ ವಸ್ತು ಯಾವುದು?

ಹೊದಿಕೆ: ಈ ದಿನಗಳಲ್ಲಿ ಹಗಲು ಬಿಸಿಲು, ಬೆಳಗಿನ ಜಾವ ಚಳಿ. ನೆಲಕ್ಕೆ ತಾಡಪತ್ರಿ, ಅದರ ಮೇಲೆ ಜಮಖಾನ, ಹೊದೆಯಲು ಕಂಬಳಿ ಇರಲಿ. ಉಣ್ಣೆಯು ಇಬ್ಬನಿಗೆ ತುಸು ಒದ್ದೆಯಾದರೂ ಬೆಚ್ಚಗಿಡುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಂಬಳಿ ನೇಯ್ಗೆಗೆ ಹೆಸರಾಗಿದೆ.

ಬುತ್ತಿ: ಕಟಕ ಜೋಳದ ರೊಟ್ಟಿ, ಶೇಂಗಾ ಅಥವಾ ಗುರೆಳ್ಳು ಚಟ್ನಿಪುಡಿ, ಅವಲಕ್ಕಿ, ಬೆಲ್ಲ. ತೇವಾಂಶವಿಲ್ಲದ ಕಾರಣ ಇವು ಬೇಗ ಕೆಡುವುದಿಲ್ಲ. ಮೊಸರನ್ನ, ಪಲ್ಯಗಳನ್ನು ಮೊದಲ ದಿನವೇ ಮುಗಿಸಬೇಕು.

ನೀರು: ಮುಚ್ಚಳವಿರುವ ಕ್ಯಾನು, ಕಾಯಿಸಲು ಪಾತ್ರೆ. ನದಿಯ ನೀರನ್ನು ನೇರವಾಗಿ ಕುಡಿಯಬಾರದು. ಬಟ್ಟೆಯಲ್ಲಿ ಸೋಸಿ, ಕನಿಷ್ಠ ಒಂದು ನಿಮಿಷ ಮಳ್ಳಿಸಿ, ಆರಿಸಿ ಬಳಸಬೇಕು.

ಔಷಧ: ನಿತ್ಯ ಸೇವಿಸುವ ಮಾತ್ರೆಗಳು, ಹತ್ತಿ, ಬ್ಯಾಂಡೇಜು, ಓಆರ್‌ಎಸ್ ಪೊಟ್ಟಣ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮ ಅಳತೆಯ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕುಡಿಸಬಹುದು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಭಾಗ ಅಲುಗದಂತೆ ನೋಡಿಕೊಂಡು ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಆಂಬುಲೆನ್ಸ್‌ಗೆ 108, ಇತರ ತುರ್ತು ನೆರವಿಗೆ 112.

ಬೆಳಕು ಮತ್ತು ಬೆಂಕಿ: ಟಾರ್ಚು, ಹೆಚ್ಚುವರಿ ಸೆಲ್, ಬೆಂಕಿಪೊಟ್ಟಣ. ಒಲೆಯನ್ನು ಮೇವಿನಿಂದಲೂ ತಾಡಪತ್ರಿಯಿಂದಲೂ ದೂರ ಹೂಡಬೇಕು. ಮುಚ್ಚಿದ ಡೇರೆಯೊಳಗೆ ಒಲೆಯನ್ನಾಗಲಿ ಕೆಂಡವನ್ನಾಗಲಿ ಇಟ್ಟು ಮಲಗಬಾರದು, ವಿಷಾನಿಲದಿಂದ ಪ್ರಾಣಾಪಾಯವಿದೆ.

ಬಂಡಿಗೆ: ಕೀಲೆಣ್ಣೆ, ಹಗ್ಗ, ಎತ್ತುಗಳಿಗೆ ಮೇವು, ನೀರು ಕುಡಿಸಲು ಬಕೆಟ್. ರಾತ್ರಿ ರಸ್ತೆಯಲ್ಲಿ ಹಿಂದಿನ ವಾಹನಗಳಿಗೆ ಕಾಣುವಂತೆ ಬಂಡಿಯ ಹಿಂಭಾಗಕ್ಕೆ ರೇಡಿಯಂ ಪಟ್ಟಿ ಅಂಟಿಸುವುದು ಅಗತ್ಯ.

ಮಕ್ಕಳಿಗಾಗಿ: ಜನಸಂದಣಿಯಲ್ಲಿ ಕೈ ತಪ್ಪುವುದು ಸುಲಭ. ಹೆಸರು, ಊರು, ಪಾಲಕರ ದೂರವಾಣಿ ಸಂಖ್ಯೆ ಬರೆದ ಚೀಟಿ ಪ್ರತಿ ಮಗುವಿನ ಜೇಬಿನಲ್ಲಿರಲಿ. ಮೇಲಿನಿಂದ ಶಾಂತವಾಗಿ ಕಾಣುವ ಹೊಳೆಯಲ್ಲಿ ತಳದ ಗುಂಡಿಗಳು ತೋರುವುದಿಲ್ಲ. ಹಿರಿಯರಿಲ್ಲದೆ ಮಕ್ಕಳನ್ನು ಸ್ನಾನಕ್ಕೆ ಬಿಡಕೂಡದು.

ಕೊನೆಯದಾಗಿ, ಕಸ ತುಂಬಲು ಎರಡು ಗೋಣಿಚೀಲ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧವಿದೆ. ಸ್ಟೀಲ್ ತಟ್ಟೆ, ಲೋಟ ಒಯ್ದರೆ ಖರ್ಚೂ ಉಳಿಯುತ್ತದೆ. ಬಿಡಾರ ಎತ್ತುವಾಗ ಒಲೆಗೆ ನೀರು ಸುರಿದು, ಬೂದಿ ತಣ್ಣಗಾದುದನ್ನು ಖಚಿತಪಡಿಸಿಕೊಂಡ ಬಳಿಕವೇ ಬಂಡಿ ಹೂಡಬೇಕು.