ಹಡಗಲಿಯ ಕರೆಂಟು, ಭಾಗ 4: 2012ರ ಗುರಿ ಏನಾಯ್ತು?

ಮಲ್ಲಿಗೆ ತೋಟದ ಮೂಲೆಯಲ್ಲಿರೋ ಈ ಸ್ಟಾರ್ಟರ್ ಡಬ್ಬಿ ನೋಡಿ. ನೀವು ಹೂವಿನಹಡಗಲಿ ಕಡೆಯವರಾದರೆ ರಾತ್ರಿ ಬ್ಯಾಟರಿ ಹಿಡಿದು ಇಂಥದ್ದೊಂದರ ಹತ್ತಿರ ಹೋಗಿಯೇ ಇರ್ತೀರಿ. ಅದರ ಹಿಂದೆ ಒಂದಿಷ್ಟು ಸರ್ಕಾರಿ ಕಾಗದಗಳಿವೆ.

2005ರ ಫೆಬ್ರುವರಿ 12ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವಿದ್ಯುತ್ ನೀತಿ ಹೊರಡಿಸಿತು. 2012ರೊಳಗೆ ಬೇಡಿಕೆ ಪೂರ್ತಿ ಪೂರೈಸಬೇಕು, ತಲಾ ಲಭ್ಯತೆ ವರ್ಷಕ್ಕೆ 1000 ಯೂನಿಟ್ ದಾಟಬೇಕು, ಪ್ರತಿ ಮನೆಗೆ ದಿನಕ್ಕೆ ಕನಿಷ್ಠ 1 ಯೂನಿಟ್ ಸಿಗಬೇಕು ಅಂತ ಗುರಿ. ತಲಾ ಬಳಕೆ ಸಾವಿರದ ಗಡಿ ದಾಟಿದ್ದು 2014-15ರಲ್ಲಿ. ತಡ ಆಯ್ತು, ಆದರೂ ಆಯ್ತಲ್ಲ ಅನ್ನಬಹುದು. ಆದರೆ ಸರಾಸರಿ ಅನ್ನೋದು ಮೋಸದ ಲೆಕ್ಕ. ಉಕ್ಕಿನ ಕಾರ್ಖಾನೆ, ಪಟ್ಟಣದ ಎಸಿ, ನಮ್ಮನೆ ಬಲ್ಬು ಎಲ್ಲಾ ಒಂದೇ ಭಾಗಾಕಾರ!

‘ಹಳ್ಳಿಗೆ ಕರೆಂಟು ಬಂತು’ ಅನ್ನೋ ಮಾತೂ ಹಾಗೇ. 1997ರವರೆಗೆ ಊರಿನ ಕಂದಾಯ ಗಡಿಯೊಳಗೆ ಯಾವ ಕೆಲಸಕ್ಕೆ ಕರೆಂಟು ಬಳಸಿದ್ದರೂ ಊರು ಲೆಕ್ಕಕ್ಕೆ ಸೇರ್ತಿತ್ತು. ಒಂದು ಪಂಪ್‌ಸೆಟ್ ಸಾಕು. 2004ರ ಹೊಸ ವ್ಯಾಖ್ಯೆ ಶಾಲೆ, ಪಂಚಾಯ್ತಿ ಕಚೇರಿಯಂಥ ಜಾಗಗಳ ಜೊತೆ ಶೇ 10ರಷ್ಟು ಮನೆ ಕೇಳಿತು. ಉಳಿದ 90 ಮನೆ ಕತ್ತಲಲ್ಲಿದ್ದರೂ ಊರು ಪಾಸು. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್‌ಗೆ ಕರೆಂಟು ಮುಟ್ಟಿ, ದೇಶದ ಹಳ್ಳಿಗಳೆಲ್ಲ ಮುಗಿದವು ಅಂದದ್ದು ಇದೇ ಲೆಕ್ಕದಲ್ಲಿ.

ನಮ್ಮ ರಾಜ್ಯ ಇದಕ್ಕಿಂತ ಮೊದಲೇ ಹೆಜ್ಜೆ ಇಟ್ಟಿತ್ತು. 1957ರ ಕೆಇಬಿ, 1999ರಲ್ಲಿ ಕೆಪಿಟಿಸಿಎಲ್ ಆಯ್ತು. 2002ರ ಜೂನ್‌ನಲ್ಲಿ ವಿತರಣೆ ಬೇರೆಯಾಗಿ ಹಡಗಲಿ ಜೆಸ್ಕಾಂಗೆ ಬಂತು. ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ಪಕ್ಕದ ಹರಪನಹಳ್ಳಿ ಬೆಸ್ಕಾಂಗೆ ಹೋಯ್ತು. (ಹಿರಿಯರ ಬಾಯಲ್ಲಿ ಮಾತ್ರ ಇವತ್ತಿಗೂ ‘ಕೆಇಬಿಯವ್ರು’.)

ಗಂಟು ಬಿದ್ದಿದ್ದು ಮೀಟರಿನಲ್ಲಿ. 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 55ರ ಪ್ರಕಾರ ಎರಡು ವರ್ಷ ಕಳೆದ ಮೇಲೆ ಮೀಟರ್ ಇಲ್ಲದೆ ಪೂರೈಕೆ ಮಾಡುವಂತಿಲ್ಲ. ಆದರೆ 2008ರಲ್ಲಿ ರಾಜ್ಯ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ ಮಾಡಿದಾಗಲೂ ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರ್ ಇರಲಿಲ್ಲ. ಉಚಿತ ಬೇಡ ಅನ್ನೋನು ನಾನಲ್ಲ. ಬೋರ್‌ವೆಲ್ ನಂಬಿದವರ ಕಷ್ಟ ಕಂಡವನು. ಆದರೆ ಅಳತೆ ಇಲ್ಲದ ಕಡೆ ಬಳಕೆ ಅಂದಾಜಿನ ಮೇಲೆ ನಿಲ್ತದೆ, ದುಡ್ಡು ಸರ್ಕಾರದ ಸಬ್ಸಿಡಿಯಿಂದ ಬರಬೇಕು. ಆಗ ವಿತರಣಾ ಕಂಪನಿಗಳ ಕೈಯಲ್ಲಿ ಉಳಿಯೋ ಹಿಡಿತ ಒಂದೇ, ತಾಸು. ಅದಕ್ಕೇ ತ್ರೀ ಫೇಸ್ ಪಾಳಿ ಮೇಲೆ ಬರ್ತದೆ, ಒಮ್ಮೆ ಹಗಲು, ಒಮ್ಮೆ ನಡುರಾತ್ರಿ. ನಸುಕಿಗೆ ಮೊಗ್ಗು ಬಿಡಿಸಬೇಕಾದವರು ಅದಕ್ಕೂ ಮೊದಲು ಎದ್ದು, ಹಾವು-ಚೇಳಿನ ನಡುವೆ ನೀರು ಹಾಯಿಸ್ತಾರೆ.

ನಿಮ್ಮೂರಲ್ಲಿ ಈ ವಾರ ತ್ರೀ ಫೇಸ್ ಎಷ್ಟೊತ್ತಿಗೆ? ಊರ ಹೆಸರು ಹಾಕಿ ಬರೀರಿ.

#ಹೂವಿನಹಡಗಲಿ #ವಿಜಯನಗರಜಿಲ್ಲೆ #ಊರಿನಇತಿಹಾಸ