ಸಿದ್ದಿ ಮನೆತನಗಳಲ್ಲಿ ತಾಯಿಯ ಸ್ಥಾನ: ಕೌದಿಯ ಸಾಕ್ಷ್ಯ

ಜೊಯಿಡಾ, ಹಳಿಯಾಳ, ಮುಂಡಗೋಡ, ಯಲ್ಲಾಪುರ ತಾಲೂಕುಗಳ ಅರಣ್ಯಪ್ರದೇಶದಲ್ಲಿ ನೆಲಸಿರುವ ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾ ಖಂಡದಿಂದ ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡುಗಳನ್ನು ಸೇರಿದರು. ಗುಲಾಮಗಿರಿಯು ಮೊದಲು ಒಡೆಯುವುದು ಕುಟುಂಬವನ್ನು; ಮಾರಲ್ಪಟ್ಟವನಿಗೆ ವಂಶಾವಳಿ ಉಳಿಯದು. ಆದುದರಿಂದ ಈ ಜನರ ಚರಿತ್ರೆಯನ್ನರಸುವವನು ದಫ್ತರಗಳೊಡನೆ ಮನೆಯೊಳಗನ್ನೂ ನೋಡಬೇಕು.

ಅಲ್ಲಿ ದೊರೆಯುವ ಒಂದು ಮುಖ್ಯ ಸಾಕ್ಷ್ಯವೆಂದರೆ ಕವಂದಿಯೆಂಬ ಕೌದಿ. ಕೌದಿ ಹೊಲಿಯುವ ರೂಢಿ ನೆರೆಯ ಇತರ ಜನರಲ್ಲಿಯೂ ಉಂಟು. ಸಿದ್ದಿ ಸ್ತ್ರೀಯರ ರೀತಿಯಾದರೋ ವಿಶಿಷ್ಟವಾದುದು. ಮನೆಮಂದಿ ಉಟ್ಟು ಸವೆಸಿದ ಬಟ್ಟೆಯ ತುಂಡುಗಳನ್ನು ತಾಯಿಯೋ ಅಜ್ಜಿಯೋ ಅಂಚಿನಿಂದಾರಂಭಿಸಿ ನಡುವಿನ ಕಡೆಗೆ ಸುತ್ತುಸುತ್ತಾಗಿ ಹೊಲಿಯುತ್ತಾಳೆ. ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ಹೂಗಳನ್ನಿಡುತ್ತಾಳೆ. ಮಕ್ಕಳಿಗೆಂದೇ ಹೊಲಿದ ಪುಟ್ಟ ಕೌದಿಗಳೂ ಉಂಟು. ಸಿದ್ದಿಗಳಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತರೆಂಬ ಮತಭೇದವಿದೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆಯೂ ಮುಸಲ್ಮಾನರದರಲ್ಲಿ ಅರ್ಧಚಂದ್ರವೂ ಕಾಣುವುದುಂಟು. ಹೊಲಿಗೆಯ ಪದ್ಧತಿ ಮಾತ್ರ ಒಂದೇ.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ಸೇರಿದುದು 2003ರಲ್ಲಿ. ಅದಕ್ಕೆ ಬಹುಕಾಲ ಮುಂಚೆಯೇ, ಚದುರಿದ ಜನವು ಮನೆತನಗಳಾಗಿ ನೆಲೆನಿಂತಿತ್ತು. ಆ ಕಾರ್ಯದಲ್ಲಿ ತಾಯಂದಿರ ಪಾಲನ್ನು ಚರಿತ್ರಕಾರನು ಗಣಿಸಲೇಬೇಕು.